ಹಾಕಿಯ ಹೆಜ್ಜೆ, ಗಾಲ್ಫಿನ ಸ್ವಿಂಗು

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮೂರಿನ ಬಂಡು ಪಾಟೀಲರಿದ್ದರು. ಆ ಮಾತು ಕೇಳುತ್ತಲೇ ಬೆಳಗಾವಿಯಲ್ಲಿ ಹಾಕಿ ಸ್ಟಿಕ್ ಹಿಡಿದವನು ನಾನು. ಗಾಲ್ಫ್ ಶುರು ಮಾಡಿದ್ದು ಐವತ್ತು ದಾಟಿದ ಮೇಲೆ, ಟಿಳಕವಾಡಿಯ ಮನೆಯ ಮಾಳಿಗೆಯ ಮೇಲೆ ಬಲೆ ಕಟ್ಟಿಕೊಂಡು.

ಹಿಡಿತ ನನಗೆ ಹೊಸದಾಗಿರಲಿಲ್ಲ. ಬಲಗೈ ಆಟಗಾರರಿಗೆ ಎರಡೂ ಆಟದಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ. ಆದರೆ ಹಾಕಿ ಚೆಂಡು 160 ಗ್ರಾಂ ಆಸುಪಾಸು ತೂಗುತ್ತದೆ. ಗಾಲ್ಫ್ ಚೆಂಡು ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ. ಅಷ್ಟು ಹಗುರ ಚೆಂಡು ದೂರ ಹೋಗಲು ತೋಳಿನ ಕಸುವಿಗಿಂತ ಕ್ಲಬ್ಬಿನ, ಅಂದರೆ ಗಾಲ್ಫ್ ಕೋಲಿನ, ತುದಿಯ ವೇಗ ಮುಖ್ಯ. ಕ್ಲಬ್ಬು ಚೆಂಡಿಗೆ ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಕೈ ಏನನ್ನೂ ತಿದ್ದಲಾರದು. ಏನು ಮಾಡುವುದಿದ್ದರೂ ಅದಕ್ಕೂ ಮೊದಲೇ ಆಗಬೇಕು.

ಕ್ಲಬ್ಬು ಕೆಳಗೆ ಬರುವಾಗ ಮೊದಲು ಎಡಗಾಲು ನೆಲವನ್ನು ಒತ್ತುತ್ತದೆ, ಆಮೇಲೆ ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ, ತೋಳು, ಕೊನೆಗೆ ಮಣಿಕಟ್ಟು. ಸೊಂಟದ ವೇಗ ತಗ್ಗುವಾಗ ಎದೆಯ ವೇಗ ಏರುತ್ತದೆ, ಎದೆ ನಿಧಾನವಾದಾಗ ತೋಳು ಓಡುತ್ತದೆ. ಬಾರುಕೋಲಿನ ಹಿಡಿ ನಿಂತ ಮೇಲೆ ತುದಿ ಚಟೀರ್ ಎನ್ನುವ ಹಾಗೆ.

ಇದನ್ನು ನನ್ನ ಮೈಗೆ ಕಲಿಸಿದ್ದು ಹಾಕಿಯ ಹೆಜ್ಜೆ. ಹಾಕಿಯಲ್ಲಿ ಹಿಟ್ ಹೊಡೆಯುವಾಗ ಎಡಗಾಲು ಮುಂದಿಟ್ಟು, ಮೈಭಾರ ಅದರ ಮೇಲೆ ಬರುತ್ತಿದ್ದಂತೆ ಸ್ಟಿಕ್ ಇಳಿಸುತ್ತೇವೆ. ಗಾಲ್ಫಿಗೂ ಅದನ್ನೇ ತಂದೆ. ಎರಡೂ ಪಾದ ಜೋಡಿಸಿ ನಿಲ್ಲುವುದು, ಏಳನೇ ಐರನ್ ಎಂಬ ಲೋಹದ ತಲೆಯ ಕ್ಲಬ್ಬನ್ನು ಹಿಂದಕ್ಕೆ ಎತ್ತುವುದು, ಅದು ಇನ್ನೂ ಮೇಲೆ ಹೋಗುತ್ತಿರುವಾಗಲೇ ಎಡಗಾಲನ್ನು ಗುರಿಯ ಕಡೆ ಇಡುವುದು. ಸೊಂಟ ಮುಂದಕ್ಕೆ ಹೊರಟಿರುತ್ತದೆ, ಭುಜ ಇನ್ನೂ ಹಿಂದೆಯೇ ಇರುತ್ತದೆ. ಆ ಎಳೆತ ಪಕ್ಕೆಯಲ್ಲಿ ಗೊತ್ತಾಗುತ್ತದೆ. ವೇಗ ಹುಟ್ಟುವುದು ಅಲ್ಲೇ. ಚೆಂಡಿಲ್ಲದೆ ಹೀಗೆ ಬೀಸಿ ಬೀಸಿ, ಹೆಜ್ಜೆಗೂ ಕೈಗೂ ತಾಳ ಕೂಡಿದ ಮೇಲೆಯೇ ಚೆಂಡಿಟ್ಟೆ. ಹೊಸದಾಗಿ ಬರುವ ಗೆಳೆಯರಿಗೂ ನಾನು ಮೊದಲು ಹೇಳುವುದು ಇದನ್ನೇ: "ಕೈಲೆ ಹೊಡೀಬ್ಯಾಡ್ರಿ, ಕಾಲಿಂದ ಶುರು ಮಾಡ್ರಿ."

ವಯಸ್ಸಾದವರು ಟೊಂಕದ, ಅಂದರೆ ಬೆನ್ನಿನ ಕೆಳಭಾಗದ, ಬಗ್ಗೆ ಎಚ್ಚರ ವಹಿಸಲೇಬೇಕು. ಅಲ್ಲಿನ ಮೂಳೆಗಳು ತಿರುಗುವುದು ಬಹಳ ಕಡಿಮೆ. ತಿರುಗುವ ಕೆಲಸ ಎದೆಯ ಹಿಂದಿನ ಬೆನ್ನು ಮತ್ತು ಸೊಂಟದ ಕೀಲುಗಳದ್ದು. ಅವು ಬಿಗಿದಿದ್ದರೆ ಹೊರೆಯೆಲ್ಲ ಟೊಂಕಕ್ಕೆ ಬೀಳುತ್ತದೆ. ನಾನು ದಿನವೂ ಕುರ್ಚಿಯ ಮೇಲೆ ಕೂತು, ಮೊಣಕಾಲ ನಡುವೆ ದಿಂಬು ಒತ್ತಿ ಹಿಡಿದು, ಎದೆಗೆ ಅಡ್ಡಲಾಗಿ ಕ್ಲಬ್ಬಿಟ್ಟು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗುತ್ತೇನೆ. ಕ್ಲಬ್ಬನ್ನು ಹಿಂದಕ್ಕೆ ಎತ್ತುವಾಗ ಎಡ ಹಿಮ್ಮಡಿ ತುಸು ಏಳಲು ಬಿಡುತ್ತೇನೆ, ಸೊಂಟ ಸಲೀಸಾಗಿ ತಿರುಗುತ್ತದೆ. ಎಡ ಪಾದದ ತುದಿಯನ್ನೂ ಗುರಿಯ ಕಡೆ ಸ್ವಲ್ಪ ಹೊರಳಿಸಿ ನಿಲ್ಲುತ್ತೇನೆ. ಹಾಗೆ ನಿಂತರೆ ಹೊಡೆತದ ಕೊನೆಯಲ್ಲಿ ಮೈ ಪೂರ್ತಿ ತಿರುಗಿದರೂ ಎಡ ಮೊಣಕಾಲು ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ.