ಮೀನು ಕೊಳೆಸಿ ನೋಡಿ, ಆಮೇಲೆ ಪಳೆಯುಳಿಕೆ ಓದಿ

ಪಳೆಯುಳಿಕೆಯ ಫೋಟೋ ನೋಡಿ 'ಇದಕ್ಕೆ ಕಣ್ಣೇ ಇರಲಿಲ್ಲ' ಅನ್ನೋದು ಸುಲಭ. ಇರಲಿಲ್ವಾ, ಕೊಳೆತು ಹೋಯ್ತಾ? ಅದು ಗೊತ್ತಾಗಬೇಕಾದರೆ ಮೊದಲು ಮನೆಯಲ್ಲೇ ಏನಾದರೂ ಕೊಳೆಸಿ ನೋಡಿ.

ನಾನು ಗಂಗಾವತಿ ಮಾರ್ಕೆಟ್ಟಿನಲ್ಲಿ ಬೆರಳುದ್ದದ ಹತ್ತು ಮೀನು ತಂದೆ. ಅವತ್ತೇ ಹಿಡಿದದ್ದಾಗಬೇಕು. ಹತ್ತು ಬಾಟಲಿ, ಒಂದರಲ್ಲಿ ಒಂದು ಮೀನು, ಮೇಲೆ ಕಾಲುವೆ ನೀರು. ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ತುಂಬಿ ಸಿಡಿಯುತ್ತೆ. ಕೈಗೆ ಗ್ಲೌಸ್ ಇರಲಿ. ದಿನಕ್ಕೆ ಒಂದೇ ಬಾಟಲಿ ತೆಗೆದು ಬಿಳಿ ತಟ್ಟೆಗೆ ಸುರಿದು ಚಿತ್ರ ಬರೆಯಿರಿ. ಒಂದೇ ಮೀನನ್ನು ದಿನಾ ಅಲುಗಾಡಿಸಿದರೆ ಕೊಳೆತು ಬಿದ್ದದ್ದು ಯಾವುದು, ನಿಮ್ಮ ಚಮಚ ಕಿತ್ತದ್ದು ಯಾವುದು ಅಂತ ತಿಳಿಯಲ್ಲ. ಏಪ್ರಿಲ್‌ನಲ್ಲಂತೂ ಬೇಡ, ನಮ್ಮ ಬಿಸಿಲಿಗೆ ಎಲ್ಲಾ ಒಂದೇ ಸಲ ಕರಗುತ್ತೆ.

ನನ್ನ ಮೀನಿಗೆ ಮೊದಲು ಕಣ್ಣು ಮಬ್ಬಾಯಿತು. ಆಮೇಲೆ ಹೊಟ್ಟೆ ಉಬ್ಬಿ ಒಡೆದು ತಟ್ಟೆ ಮೇಲೆ ಕಂದು ಕಲೆ ಹರಡಿತು. ಈ ಕಲೆಯನ್ನು ಸರಿಯಾಗಿ ನೋಡಿ. ಕೆನಡಾದ ಬರ್ಜೆಸ್ ಶೇಲ್ ಅನ್ನೋ ಕಲ್ಲಿನ ಪದರದಲ್ಲಿ ಸಿಕ್ಕ, 50 ಕೋಟಿ ವರ್ಷಕ್ಕೂ ಹಳೆಯ ಮಾರೆಲ್ಲಾ ಅನ್ನೋ ಪ್ರಾಣಿಯ ಪಕ್ಕ ಇಂಥದ್ದೇ ಕಪ್ಪು ಕಲೆ ಇರುತ್ತೆ. ಅದು ಅಂಗ ಅಲ್ಲ, ದೇಹದಿಂದ ಸೋರಿದ ರಸ. ಕೊನೆಯ ಚಿತ್ರವನ್ನು ಪಕ್ಕದ ಮನೆ ಹುಡುಗನಿಗೆ ತೋರಿಸಿದೆ. 'ಹುಳ' ಅಂದ.

2010ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ಸ್ಯಾನ್ಸಮ್, ಗ್ಯಾಬಟ್, ಪರ್ನೆಲ್ ಇದನ್ನೇ ಆಂಫಿಯಾಕ್ಸಸ್ ಅನ್ನೋ ಮೀನಿನಂಥ ಪುಟ್ಟ ಸಮುದ್ರಜೀವಿ ಮತ್ತು ಲ್ಯಾಂಪ್ರೇ ಅನ್ನೋ ದವಡೆಯಿಲ್ಲದ ಮೀನಿನ ಮರಿಗಳ ಮೇಲೆ ಮಾಡಿದ್ದರು. ಒಂದು ಪ್ರಾಣಿಯ ಹತ್ತಿರದ ಬಳಗ ಯಾವುದು ಅಂತ ಗುರುತಿಸೋಕೆ ಬೇಕಾದ ಲಕ್ಷಣಗಳೇ ಮೊದಲು ಕೊಳೆಯುತ್ತವೆ, ನೋಟೋಕಾರ್ಡ್‌ನಂಥ (ಬೆನ್ನುದ್ದಕ್ಕೂ ಇರೋ ಬಗ್ಗುವ ಕೋಲು) ಹಳೇ ಲಕ್ಷಣ ಜಾಸ್ತಿ ದಿನ ಉಳಿಯುತ್ತೆ. ಹಾಗಾಗಿ ಕೊಳೆತ ಪ್ರಾಣಿ ಇದ್ದದ್ದಕ್ಕಿಂತ ಹಿಂದಿನ ಕಾಲದ್ದರ ಹಾಗೆ ಕಾಣುತ್ತೆ.

ಈಗ ನಿಮ್ಮ ಚಿತ್ರಗಳಿಂದ ಯಾವುದು ಮೊದಲು ಹೋಯ್ತು, ಯಾವುದು ಕೊನೆಗೆ ಅಂತ ಬರೆದುಕೊಳ್ಳಿ. ಪಳೆಯುಳಿಕೆಯಲ್ಲಿ ಬೇಗ ಕೊಳೆಯೋದು ಇದ್ದು, ನಿಧಾನಕ್ಕೆ ಕೊಳೆಯೋದು ಕಾಣದಿದ್ದರೆ ಅದು ನಿಜವಾಗಿ ಇರಲೇ ಇಲ್ಲ ಅನ್ನೋಕೆ ಬಲ ಬರುತ್ತೆ. ಬೇಗ ಕೊಳೆಯೋದೇ ಕಾಣದಿದ್ದರೆ ಬಾಯಿ ಮುಚ್ಚಿಕೊಂಡಿರಿ. ಆದರೂ ಈ ಪಟ್ಟಿಯನ್ನೇ ಪೂರ್ತಿ ನಂಬಬೇಡಿ. ಕೆಲವು ಸಲ ಫಾಸ್ಫೇಟ್ ಖನಿಜ ಬೇಗ ಕೂತು, ಮೆತ್ತಗಿನ ಸ್ನಾಯುವೂ ಎಳೆಎಳೆಯಾಗಿ ಉಳಿದುಬಿಡುತ್ತೆ.

ಆನೆಗುಂದಿ ಗುಡ್ಡದಲ್ಲಿ ಹುಡುಕೋಕೆ ಹೋಗಬೇಡಿ. ಅದು ಭೂಮಿಯೊಳಗೆ ಕರಗಿ ಗಟ್ಟಿಯಾದ ಗ್ರಾನೈಟ್, ಪ್ರಾಣಿಗಳು ಹುಟ್ಟೋಕೆ ಎಷ್ಟೋ ಮೊದಲಿನದು.

ಬಾಟಲಿ ನೀರನ್ನು ಗುಂಡಿ ತೋಡಿ ಹುಗಿಯಿರಿ. ನಾನು ಚರಂಡಿಗೆ ಸುರಿದು ಓಣಿಯವರಿಂದೆಲ್ಲಾ ಬೈಸಿಕೊಂಡೆ.