ಸರ್ವರ್‌ಗೆ ತಾನಾಗಿ ಓಎಸ್ ಹಾಕಿಸುವಾಗ ಬೂಟ್ ಡಿಸ್ಕ್ ಕೈಕೊಟ್ಟರೆ

ಒಂದೇ ಮಾಡೆಲ್‌ನ 20 ಸರ್ವರ್, ಎಲ್ಲಕ್ಕೂ ಒಂದೇ ಕಿಕ್‌ಸ್ಟಾರ್ಟ್ ಫೈಲ್ (ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಫೈಲ್). 17 ಸರಿಯಾಗಿ ಎದ್ದವು, ಮೂರು ಏಳಲಿಲ್ಲ ಅಂತಿಟ್ಟುಕೊಳ್ಳಿ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ: ರೀಸ್ಟಾರ್ಟ್. ಎರಡನೇ ಸಲಕ್ಕೆ ಅದರಲ್ಲೊಂದು ಎದ್ದುಬಿಟ್ಟರಂತೂ ‘ನೆಟ್‌ವರ್ಕ್ ಪ್ರಾಬ್ಲಂ ಇತ್ತು, ಸರಿಹೋಯ್ತು’ ಅಂತ ಬರೆದು ಟಿಕೆಟ್ ಮುಚ್ಚುತ್ತಾರೆ. ಇನ್‌ಸ್ಟಾಲರ್ ಸರ್ವರ್‌ವರೆಗೆ ಬಂದು ಕೂತಿದೆ ಅಂದರೆ ನೆಟ್‌ವರ್ಕ್ ಕೆಲಸ ಮಾಡುತ್ತಿದೆ. ತೊಂದರೆ ಹೆಚ್ಚಾಗಿ ಇರುವುದು ಡಿಸ್ಕ್‌ನಲ್ಲಿ, ಅಥವಾ ಡಿಸ್ಕ್ ಬಗ್ಗೆ ನೀವು ಫೈಲ್‌ನಲ್ಲಿ ಬರೆದಿಟ್ಟ ನಂಬಿಕೆಯಲ್ಲಿ.

ಇಲ್ಲಿ ಹೇಳುತ್ತಿರುವುದು ರೆಡ್ ಹ್ಯಾಟ್, ರಾಕಿ, ಆಲ್ಮಾ ಲಿನಕ್ಸ್‌ಗಳ ಕಿಕ್‌ಸ್ಟಾರ್ಟ್ ಬಗ್ಗೆ. ಉಬುಂಟು ಆಟೋಇನ್‌ಸ್ಟಾಲ್‌ನಲ್ಲಿ ಬರೆಯುವ ರೀತಿ ಬೇರೆ, ಎಡವುವ ಜಾಗಗಳು ಇವೇ.

ಹೆಜ್ಜೆ 1: ರೀಸ್ಟಾರ್ಟ್ ಬಟನ್ ಬಿಡಿ, ಶೆಲ್ ತೆಗೆಯಿರಿ

ಇನ್‌ಸ್ಟಾಲರ್ ನಿಂತಿರುವ ಪರದೆಯಲ್ಲಿ ಕಂಟ್ರೋಲ್-ಬಿ ಒತ್ತಿ, ಆಮೇಲೆ 2 ಒತ್ತಿ. ಶೆಲ್, ಅಂದರೆ ಆಜ್ಞೆ ಟೈಪ್ ಮಾಡುವ ಪರದೆ, ಬರುತ್ತದೆ. ಟೆಂಪ್ ಫೋಲ್ಡರ್‌ನಲ್ಲಿ ಸ್ಟೋರೇಜ್ ಲಾಗ್ ಮತ್ತು ಪ್ರೋಗ್ರಾಂ ಲಾಗ್ ಇರುತ್ತವೆ. ರೀಸ್ಟಾರ್ಟ್ ಮಾಡಿದರೆ ಎರಡೂ ಹೋಗುತ್ತವೆ, ಮೊದಲು ಕಾಪಿ ಮಾಡಿಕೊಳ್ಳಿ.

ಹೆಜ್ಜೆ 2: ಯುಇಎಫ್‌ಐ ಅಥವಾ ಹಳೇ ಬಯೋಸ್, ಯಾವುದರಲ್ಲಿ ಎದ್ದಿದೆ ನೋಡಿ

ಸರ್ವರ್ ಆನ್ ಆದಾಗ ಮೊದಲು ಓಡುವ ಫರ್ಮ್‌ವೇರ್‌ನ ಹೊಸ ರೀತಿ ಯುಇಎಫ್‌ಐ, ಹಳೇದು ಬಯೋಸ್. ಸಿಸ್ ಒಳಗಿನ ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಇಎಫ್‌ಐ ಅನ್ನುವ ಫೋಲ್ಡರ್ ಇದ್ದರೆ ಯುಇಎಫ್‌ಐ. ಇಲ್ಲದಿದ್ದರೆ ಬಯೋಸ್.

‘ನಮ್ಮಲ್ಲಿ ಎಲ್ಲಾ ಯುಇಎಫ್‌ಐ ಸಾರ್’ ಅನ್ನುವವರೇ ಇಲ್ಲಿ ಜಾಸ್ತಿ ಬೀಳುವುದು. ಸರ್ವರ್ ಅನ್ನು ದೂರದಿಂದ ನಿಯಂತ್ರಿಸುವ ಐಪಿಎಂಐ ಟೂಲ್‌ನಲ್ಲಿ ಮುಂದಿನ ಬೂಟ್ ಪಿಎಕ್ಸ್‌ಇಯಿಂದ (ನೆಟ್‌ವರ್ಕ್‌ನಿಂದ) ಆಗಲಿ ಅಂತ ಸುಮ್ನೆ ಒಂದು ಸಾಲು ಕೊಟ್ಟರೆ, ಅದು ಕೇಳುವುದು ಹಳೇ ಬಯೋಸ್ ರೀತಿಯ ಬೂಟ್. ಕೆಲವು ಬೋರ್ಡ್‌ಗಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ, ಕೆಲವು ಅಕ್ಷರಶಃ ಪಾಲಿಸುತ್ತವೆ. ಪಾಲಿಸಿದ ಸರ್ವರ್‌ನಲ್ಲಿ ಬಯೋಸ್ ರೀತಿಯಲ್ಲಿ ಇನ್‌ಸ್ಟಾಲ್ ಆಗುತ್ತದೆ, ಮುಂದಿನ ಸಲ ಅದು ಯುಇಎಫ್‌ಐನಲ್ಲಿ ಎದ್ದು ‘ಬೂಟ್ ಮಾಡಲು ಏನೂ ಇಲ್ಲ’ ಅನ್ನುತ್ತದೆ. ಡಿಸ್ಕ್ ಚೆನ್ನಾಗಿಯೇ ಇರುತ್ತದೆ, ಇನ್‌ಸ್ಟಾಲ್ ಕೂಡ ತಪ್ಪಿಲ್ಲದೆ ಮುಗಿದಿರುತ್ತದೆ. ಆಜ್ಞೆಯ ಕೊನೆಯಲ್ಲಿ ‘ಇಎಫ್‌ಐ ಬೂಟ್’ ಆಪ್ಶನ್ ಸೇರಿಸಿ. ಐಪಿಎಂಐ ಬದಲು ರೆಡ್‌ಫಿಶ್ ಬಳಸುವವರು ಬೂಟ್ ಓವರ್‌ರೈಡ್ ಮೋಡ್ ಯುಇಎಫ್‌ಐ ಅಂತ ಬಾಯಿಬಿಟ್ಟು ಹೇಳಿ.

ಹೆಜ್ಜೆ 3: ಡಿಸ್ಕ್ ಆರಿಸುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಕಿಕ್‌ಸ್ಟಾರ್ಟ್ ಫೈಲ್‌ನಲ್ಲಿ ಬೂಟ್ ಡಿಸ್ಕ್ ‘ಎಸ್‌ಡಿಎ’ ಅಂತ ಬರೆದಿದ್ದರೆ ಇವತ್ತೇ ಅಳಿಸಿ. ಎಸ್‌ಡಿಎ ಅನ್ನುವುದು ಯಾವ ಡಿಸ್ಕ್‌ನ ಸ್ವಂತ ಹೆಸರೂ ಅಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಮೊದಲು ಕಾಣಿಸಿಕೊಂಡ ಡಿಸ್ಕ್‌ಗೆ ಕರ್ನಲ್ ಎಸ್‌ಡಿಎ ಅಂತ ಕೊಡುತ್ತದೆ. ಡಿಸ್ಕ್‌ಗಳ ಹುಡುಕಾಟ ಒಟ್ಟೊಟ್ಟಿಗೆ ನಡೆಯುವುದರಿಂದ ಒಂದು ಬೂಟ್‌ನಲ್ಲಿ ಎಸ್‌ಡಿಎ ಆಗಿದ್ದು ಇನ್ನೊಂದರಲ್ಲಿ ಎಸ್‌ಡಿಸಿ ಆಗಬಹುದು. ರೀಸ್ಟಾರ್ಟ್ ಮಾಡಿದಾಗ ಒಂದು ಸರ್ವರ್ ‘ಸರಿಹೋಗುವುದು’ ಇದಕ್ಕೇ.

ಶೆಲ್‌ನಲ್ಲಿ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಓಡಿಸಿ, ಹೆಸರಿನ ಜೊತೆ ಗಾತ್ರ, ಮಾಡೆಲ್, ಸೀರಿಯಲ್, ಟ್ರಾನ್ಸ್‌ಪೋರ್ಟ್ ಕಾಲಂಗಳನ್ನೂ ಕೇಳಿ. ಒಂದು ಸಾಮಾನ್ಯ ಸ್ಟೋರೇಜ್ ಸರ್ವರ್‌ನಲ್ಲಿ ಏನು ಕಾಣುತ್ತದೆ ನೋಡಿ. ಎಸ್‌ಡಿಎ ಜಾಗದಲ್ಲಿ ‘ವರ್ಚುವಲ್ ಎಚ್‌ಡಿಸ್ಕ್’, ಗಾತ್ರ ಸೊನ್ನೆ, ಟ್ರಾನ್ಸ್‌ಪೋರ್ಟ್ ಯುಎಸ್‌ಬಿ. ಇದು ಡಿಸ್ಕೇ ಅಲ್ಲ, ರಿಮೋಟ್ ಕನ್ಸೋಲ್ ಚಿಪ್ ತೋರಿಸುವ ಖಾಲಿ ಡ್ರೈವ್. ಅದರ ಕೆಳಗೆ 8 ಟಿಬಿಯ ಡೇಟಾ ಡಿಸ್ಕ್‌ಗಳ ಸಾಲು. ಕೊನೆಯಲ್ಲೆಲ್ಲೋ ನಿಮಗೆ ಬೇಕಾದ ಎರಡು 480 ಜಿಬಿ ಎಸ್‌ಎಸ್‌ಡಿ.

ಸೀರಿಯಲ್ ನಂಬರ್ ಪಟ್ಟಿ ಕೈಯಲ್ಲಿದ್ದರೆ ಅದರಿಂದಲೇ ಆರಿಸಿ, ಅದಕ್ಕಿಂತ ಗಟ್ಟಿ ಬೇರೆ ಇಲ್ಲ. ಇಲ್ಲದಿದ್ದರೆ ಗಾತ್ರ ಮತ್ತು ಮಾಡೆಲ್ ಎರಡನ್ನೂ ಸೇರಿಸಿ ಹುಡುಕಿ. ಗಾತ್ರದಲ್ಲೊಂದು ಗುಂಡಿ ಇದೆ: 480 ಜಿಬಿ ಡಿಸ್ಕ್ ಎಲ್‌ಎಸ್‌ಬಿಎಲ್‌ಕೆಯಲ್ಲಿ 447.1 ಅಂತ ಕಾಣುತ್ತದೆ. ಡಿಸ್ಕ್ ಕಂಪನಿಗಳು ಸಾವಿರದ ಲೆಕ್ಕದಲ್ಲಿ ಎಣಿಸುತ್ತವೆ, ಈ ಟೂಲ್ 1024ರ ಲೆಕ್ಕದಲ್ಲಿ. ಸ್ಕ್ರಿಪ್ಟ್‌ನಲ್ಲಿ 480 ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಬೈಟ್‌ಗಳಲ್ಲೇ ಕೇಳಿ, 400 ರಿಂದ 500 ಶತಕೋಟಿ ಬೈಟ್ ನಡುವೆ ಇರುವುದನ್ನು ಹಿಡಿಯಿರಿ, ಯುಎಸ್‌ಬಿಯನ್ನು ಹೊರಗಿಡಿ.

ಈ ಹುಡುಕಾಟ ನಡೆಯಬೇಕಾದದ್ದು ಕಿಕ್‌ಸ್ಟಾರ್ಟ್‌ನಲ್ಲಿ ಇನ್‌ಸ್ಟಾಲ್‌ಗೆ ಮುಂಚೆ ಓಡುವ ‘ಪ್ರಿ’ ಭಾಗದಲ್ಲಿ. ಸಿಕ್ಕ ಡಿಸ್ಕ್‌ನ ಬೈ-ಐಡಿ ಹೆಸರನ್ನು (ಬೂಟ್‌ನಿಂದ ಬೂಟ್‌ಗೆ ಬದಲಾಗದ ಹೆಸರು) ಒಂದು ಸಣ್ಣ ಫೈಲ್‌ಗೆ ಬರೆಸಿ, ಮುಖ್ಯ ಭಾಗದಲ್ಲಿ ಆ ಫೈಲ್ ಅನ್ನು ‘ಇನ್‌ಕ್ಲೂಡ್’ ಮಾಡಿ. ಎಣಿಕೆ ತಪ್ಪಿದರೆ, ಅಂದರೆ ಎರಡು ಸಿಗಬೇಕಾದಲ್ಲಿ ಒಂದು ಸಿಕ್ಕರೂ ಮೂರು ಸಿಕ್ಕರೂ, ಸ್ಕ್ರಿಪ್ಟ್ ಎರರ್ ಕೊಟ್ಟು ನಿಲ್ಲಬೇಕು. ಪ್ರಿ ಭಾಗಕ್ಕೆ ‘ಎರರ್ ಆನ್ ಫೇಲ್’ ಹಾಕಿದರೆ ಇನ್‌ಸ್ಟಾಲರ್ ಕೂಡ ಅಲ್ಲೇ ನಿಲ್ಲುತ್ತದೆ. ‘ಸಿಕ್ಕಿದ್ದರಲ್ಲಿ ಮೊದಲನೆಯದು ತಗೋ’ ಅನ್ನುವ ಒಂದು ಸಾಲಿನ ಶಾರ್ಟ್‌ಕಟ್ ಎಲ್ಲಾ ಕಡೆ ಕಾಪಿ ಆಗುತ್ತಿರುತ್ತದೆ. ಅದನ್ನು ಹಾಕಿದರೆ ಮತ್ತೆ ಎಸ್‌ಡಿಎ ಕಾಲಕ್ಕೇ ಬಂದಿರಿ.

ಇನ್ನು ‘ಇಗ್ನೋರ್‌ಡಿಸ್ಕ್ ಓನ್ಲಿ-ಯೂಸ್’ ಸಾಲು, ಅಂದರೆ ಹೇಳಿದ ಡಿಸ್ಕ್ ಬಿಟ್ಟು ಬೇರೆ ಮುಟ್ಟಬೇಡ ಅನ್ನುವುದು. ಇದಿಲ್ಲದೆ ಪಾರ್ಟಿಶನ್ ಅಳಿಸುವ ‘ಕ್ಲಿಯರ್‌ಪಾರ್ಟ್ ಆಲ್’ ಬರೆದ ಫೈಲ್ ಅನ್ನು ನಾನಂತೂ ಯಾವ ಸರ್ವರ್ ಹತ್ತಿರಕ್ಕೂ ಬಿಡುವುದಿಲ್ಲ. ಆಲ್ ಅಂದರೆ ಎಲ್ಲಾ. ಡೇಟಾ ಡಿಸ್ಕ್‌ಗಳೂ ಸೇರಿ, ಕೇಬಲ್ ಹಾಕಿದ್ದರೆ ಹೊರಗಿನ ಹಂಚಿಕೆಯ ಸ್ಯಾನ್ ಸ್ಟೋರೇಜೂ ಸೇರಿ.

ಹೆಜ್ಜೆ 4: ಹಳೇ ಗುರುತು ಒರೆಸುವುದು

ಡಿಸ್ಕ್ ಸರಿಯಾಗಿಯೇ ಆರಿಸಿದ್ದೀರಿ, ಆದರೂ ಇನ್‌ಸ್ಟಾಲರ್ ‘ಈ ಡಿಸ್ಕ್ ಬಳಸಲಾಗದು’ ಅನ್ನುತ್ತಿದೆ. ಆ ಡಿಸ್ಕ್ ಹಿಂದೆ ಬೇರೆಲ್ಲೋ ದುಡಿದು ಬಂದಿರಬೇಕು. ಎಲ್ಲರೂ ಮಾಡುವ ಉಪಾಯ, ಡಿಡಿ ಆಜ್ಞೆಯಿಂದ ಡಿಸ್ಕ್‌ನ ಮೊದಲ ಕೆಲವು ಎಂಬಿಗೆ ಸೊನ್ನೆ ತುಂಬುವುದು. ಅರ್ಧ ಕೆಲಸ ಅಷ್ಟೆ.

ಜಿಪಿಟಿ ಅನ್ನುವ ಈಗಿನ ರೀತಿಯ ಪಾರ್ಟಿಶನ್ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕ್‌ನ ತುದಿಯಲ್ಲಿರುತ್ತದೆ. ಎಂಡಿ ರೇಡ್ (ಡಿಸ್ಕ್‌ಗಳನ್ನು ಜೋಡಿಸುವ ಲಿನಕ್ಸ್‌ನದೇ ಸಾಫ್ಟ್‌ವೇರ್) ಬರೆದಿಡುವ ಗುರುತಿನ 0.90 ಮತ್ತು 1.0 ಆವೃತ್ತಿ ಕೂಡ ತುದಿಯಲ್ಲೇ. ಈಗಿನ ಮಾಮೂಲಿ 1.2 ಮಾತ್ರ ಶುರುವಿನಿಂದ 4 ಕೆಬಿ ಒಳಗೆ. ಮದರ್‌ಬೋರ್ಡ್ ಜೊತೆ ಪುಕ್ಕಟೆ ಬರುವ ಇಂಟೆಲ್ ರೇಡ್ ಕೂಡ ತನ್ನ ಲೆಕ್ಕ ಬರೆದಿಡುವುದು ತುದಿಯಲ್ಲಿ. ಈ ಪುಕ್ಕಟೆ ರೇಡ್ ಅನ್ನು ಸರ್ವರ್‌ನಲ್ಲಿ ಆಫ್ ಮಾಡಿಡಿ. ಬೇಕಿದ್ದರೆ ನಿಜವಾದ ಕಾರ್ಡ್ ಹಾಕಿ, ಇಲ್ಲವೇ ಲಿನಕ್ಸ್‌ನದೇ ರೇಡ್ ಸಾಕು.

ಪಾರ್ಟಿಶನ್ ಒಳಗಿನ ಎಲ್‌ವಿಎಂ (ಜಾಗವನ್ನು ವಾಲ್ಯೂಮ್ ಗ್ರೂಪ್‌ಗಳಾಗಿ ಹಂಚುವ ಲಿನಕ್ಸ್ ವ್ಯವಸ್ಥೆ) ಇನ್ನೂ ಮೊಂಡ. ಪಾರ್ಟಿಶನ್ ಪಟ್ಟಿ ಅಳಿಸಿದರೂ ಅದು ಇದ್ದಲ್ಲೇ ಇರುತ್ತದೆ. ಮೊದಲ ಪಾರ್ಟಿಶನ್ ಸಾಮಾನ್ಯವಾಗಿ 1 ಎಂಬಿ ದಾಟಿ ಶುರುವಾಗುತ್ತದೆ, ಹೊಸದೂ ಅಲ್ಲೇ ಶುರುವಾದ ತಕ್ಷಣ ಹಳೇ ವಾಲ್ಯೂಮ್ ಗ್ರೂಪ್ ಕಣ್ಣು ಬಿಡುತ್ತದೆ. ಆದ್ದರಿಂದ ಕ್ರಮ ಮುಖ್ಯ. ಎದ್ದಿರುವ ವಾಲ್ಯೂಮ್ ಗ್ರೂಪ್‌ಗಳನ್ನು ನಿಲ್ಲಿಸಿ, ಆಮೇಲೆ ಎಂಡಿ ರೇಡ್ ನಿಲ್ಲಿಸಿ, ಒಂದೊಂದು ಪಾರ್ಟಿಶನ್ ಮೇಲೂ ಗುರುತು ಒರೆಸುವ ವೈಪ್‌ಎಫ್‌ಎಸ್ ಓಡಿಸಿ, ಕೊನೆಗೆ ಇಡೀ ಡಿಸ್ಕ್ ಮೇಲೆ. ಇದನ್ನೂ ಪ್ರಿ ಭಾಗದಲ್ಲೇ ಮಾಡಿ, ಹೆಜ್ಜೆ 3ರಲ್ಲಿ ಸಿಕ್ಕ ಡಿಸ್ಕ್‌ಗಳ ಮೇಲೆ ಮಾತ್ರ. ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಮಾತು: ಎನ್‌ವಿಎಂಇ ಡಿಸ್ಕ್‌ನಲ್ಲಿ ಪಾರ್ಟಿಶನ್ ನಂಬರ್‌ಗೆ ಮುಂಚೆ ‘ಪಿ’ ಅಕ್ಷರ ಬರುತ್ತದೆ.

ಎಸ್‌ಎಸ್‌ಡಿಗೆ, ಡಿಸ್ಕ್‌ನ ಜಾಗವೆಲ್ಲ ಖಾಲಿ ಅಂತ ಹೇಳುವ ಬ್ಲಾಕ್‌ಡಿಸ್ಕಾರ್ಡ್ ಆಜ್ಞೆ ಒಂದೇ ಸಾಕು ಅನ್ನುವವರಿದ್ದಾರೆ. ಡಿಸ್ಕಾರ್ಡ್ ಆದ ಜಾಗ ಓದಿದರೆ ಸೊನ್ನೆಯೇ ಬರಬೇಕೆಂದು ಎಲ್ಲಾ ಡಿಸ್ಕ್‌ಗಳಲ್ಲೂ ಇಲ್ಲ. ನನ್ನ ಮತ ವೈಪ್‌ಎಫ್‌ಎಸ್‌ಗೇ.

ಹೆಜ್ಜೆ 5: ಪಾರ್ಟಿಶನ್

ಯುಇಎಫ್‌ಐ ಆದರೆ ಬೂಟ್ ಫೈಲ್ ಇಡುವ ಇಎಫ್‌ಐ ಪಾರ್ಟಿಶನ್ ಬೇಕು. ಬಯೋಸ್ ಮತ್ತು ಜಿಪಿಟಿ ಜೋಡಿಯಾದರೆ 1 ಎಂಬಿಯ ‘ಬಯೋಸ್‌ಬೂಟ್’ ಬೇಕು. ಕೈಯಿಂದ ಬರೆಯುವ ಬದಲು ‘ರೆಕ್‌ಪಾರ್ಟ್’ ಅನ್ನುವ ಒಂದು ಸಾಲು ಹಾಕಿ, ಯಾವುದು ಬೇಕೋ ಅದನ್ನು ಅದೇ ಮಾಡಿಕೊಳ್ಳುತ್ತದೆ. ಎಲ್ಲಾ ಪಾರ್ಟಿಶನ್ ತಾನೇ ಮಾಡುವ ಆಟೋಪಾರ್ಟ್ ಜೊತೆ ಮಾತ್ರ ಹಾಕಬೇಡಿ, ಎರಡೂ ಒಟ್ಟಿಗೆ ನಡೆಯುವುದಿಲ್ಲ.

ಹೆಜ್ಜೆ 6: ಇನ್‌ಸ್ಟಾಲ್ ಮುಗಿದು ಮತ್ತೆ ಇನ್‌ಸ್ಟಾಲ್ ಶುರುವಾದರೆ

ಬೂಟ್ ಆರ್ಡರ್‌ನಲ್ಲಿ ಪಿಎಕ್ಸ್‌ಇ ಮೊದಲಿದೆ, ಅಷ್ಟೆ. ಡಿಸ್ಕ್ ಅನ್ನು ಮೊದಲಿಗೆ ತಂದು, ಪಿಎಕ್ಸ್‌ಇಯನ್ನು ಬೇಕಾದಾಗ ಒಂದು ಸಲಕ್ಕೆ ಮಾತ್ರ ಕೇಳಿ.

ಹೆಜ್ಜೆ 7: ಎರಡು ಡಿಸ್ಕ್ ಜೋಡಿ ಮಾಡಿದ್ದರೆ ಒಂದನ್ನು ಕಿತ್ತು ನೋಡಿ

ಇದನ್ನು ಮಾಡುವವರು ತೀರಾ ಕಡಿಮೆ. ಓಎಸ್ ಇರುವ ರೂಟ್ ಪಾರ್ಟಿಶನ್ ಎರಡೂ ಡಿಸ್ಕ್‌ನಲ್ಲಿ ಮಿರರ್ ಆಗಿರುತ್ತದೆ, ಇಎಫ್‌ಐ ಪಾರ್ಟಿಶನ್ ಮಾತ್ರ ಒಂದೇ ಡಿಸ್ಕ್‌ನಲ್ಲಿರುತ್ತದೆ. ಆ ಡಿಸ್ಕ್ ಸತ್ತ ದಿನ ಮಿರರ್ ಇದ್ದೂ ಸರ್ವರ್ ಏಳುವುದಿಲ್ಲ. ಇಎಫ್‌ಐ ಪಾರ್ಟಿಶನ್ ಅನ್ನೂ ರೇಡ್ 1 (ಮಿರರ್) ಮಾಡಬಹುದು. ಆದರೆ ಗುರುತು 1.0 ಆಗಿರಬೇಕು, ಅದು ತುದಿಯಲ್ಲಿರುವುದರಿಂದ ಫರ್ಮ್‌ವೇರ್‌ಗೆ ಮಾಮೂಲಿ ಫ್ಯಾಟ್ ಪಾರ್ಟಿಶನ್ ಅಂತಲೇ ಕಾಣುತ್ತದೆ. ಎರಡನೇ ಡಿಸ್ಕ್‌ಗೂ ಫರ್ಮ್‌ವೇರ್‌ನ ಬೂಟ್ ಪಟ್ಟಿ ತಿದ್ದುವ ಇಎಫ್‌ಐಬೂಟ್‌ಎಂಜಿಆರ್‌ನಲ್ಲಿ ಒಂದು ಎಂಟ್ರಿ ಮಾಡಿ. ಎಂಟ್ರಿಗಳು ಇರುವುದು ಮದರ್‌ಬೋರ್ಡ್‌ನಲ್ಲಿ, ಬೋರ್ಡ್ ಬದಲಾಯಿಸಿದರೆ ಹೋಗುತ್ತವೆ. ಅದಕ್ಕೇ ಇಎಫ್‌ಐ ಪಾರ್ಟಿಶನ್‌ನ ‘ಬೂಟ್’ ಫೋಲ್ಡರ್‌ನಲ್ಲಿ, ಎಂಟ್ರಿ ಇಲ್ಲದಾಗ ಫರ್ಮ್‌ವೇರ್ ಹುಡುಕುವ ಬೂಟ್‌ಎಕ್ಸ್64 ಫೈಲ್ ಇದೆಯೇ ನೋಡಿಕೊಳ್ಳಿ.

ನೋಡಿಕೊಂಡ ಮೇಲೆ ಒಂದು ಸರ್ವರ್ ಆಫ್ ಮಾಡಿ, ಮೊದಲ ಡಿಸ್ಕ್ ಹೊರಗೆ ತೆಗೆದು ಪವರ್ ಕೊಡಿ. ಲಾಗಿನ್ ಪರದೆ ಬಂದರೆ ಡಿಸ್ಕ್ ವಾಪಸ್ ಹಾಕಿ, ರೇಡ್‌ಗೆ ಸೇರಿಸಿ, ಉಳಿದ ಸರ್ವರ್‌ಗಳಿಗೆ ಅದೇ ಫೈಲ್ ಬಿಡಿ. ಬರದಿದ್ದರೆ ಮತ್ತೆ ಹೆಜ್ಜೆ 2ರಿಂದ.