ಒಡೆಯದೆ ಉಳಿದ ಕಟ್ಟೆ

ಧಾರವಾಡದ ಹಳೆಯ ಐದಂಕಣದ ಮನೆಯೊಂದನ್ನು ಚಿತ್ರಶಾಲೆಯಾಗಿ ಮಾರ್ಪಡಿಸುವ ಕೆಲಸ ಬಂದಾಗ, ವಾಸ್ತುಶಿಲ್ಪಿಯಾದ ನಾನು ಯೋಚಿಸಿದ್ದು ಗೋಡೆ, ಬೆಳಕು ಮತ್ತು ಮಳೆಗಾಲದ ತೇವದ ಬಗ್ಗೆ ಮಾತ್ರ. ಅಲ್ಲಿಗೆ ಯಾರು ಯಾರ ಕೈ ಹಿಡಿದುಕೊಂಡು ಬರುತ್ತಾರೆ ಎಂಬುದು ನನ್ನ ನಕ್ಷೆಯಲ್ಲಿ ಎಲ್ಲಿಯೂ ಇರಲಿಲ್ಲ. ಪಡಸಾಲೆಯ ಮೊಣಕಾಲೆತ್ತರದ ಕಲ್ಲಿನ ಕಟ್ಟೆಯನ್ನು ಒಡೆದರೆ ಇನ್ನೂ ನಾಲ್ಕು ಚಿತ್ರಗಳಿಗೆ ಗೋಡೆ ಸಿಗುತ್ತದೆಂದು ಲೆಕ್ಕ ಹಾಕಿ, ಸುಣ್ಣದ ಗೆರೆಯನ್ನೂ ಎಳೆಸಿದ್ದೆ. ಹಾರೆ ಹಿಡಿದು ನಿಂತಿದ್ದ ಗೌಂಡಿ, "ಸಾಹೇಬ್ರ, ಇದನ್ನ ಒಡದ್ರ ವಯಸ್ಸಾದವ್ರು ಎಲ್ಲಿ ಕುಂದರತಾರ್ರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲವಾದ್ದರಿಂದ ಕಟ್ಟೆ ಉಳಿಯಿತು.

ಚಿತ್ರಶಾಲೆ ತೆರೆದ ಮೇಲೆ ಕೆಲವು ಭಾನುವಾರ ಮೂಲೆಯಲ್ಲಿ ಕುಳಿತು, ಬಂದವರ ನಡಿಗೆಯನ್ನು ವಹಿಯಲ್ಲಿ ಬರೆದುಕೊಂಡೆ. ಅಜ್ಜಿ ಕಟ್ಟೆಯ ಮೇಲೆ ಕುಳಿತರೆಂದರೆ ಮನೆಮಂದಿಯ ಅವಸರವೆಲ್ಲ ಇಳಿಯುತ್ತಿತ್ತು. ಮಕ್ಕಳು ಒಳಗೆ ಓಡಿ, ಕಂಡದ್ದನ್ನು ಅಜ್ಜಿಗೆ ಹೇಳಲು ಮರಳಿ ಬಂದು, ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಮತ್ತೆ ಅದೇ ಚಿತ್ರದ ಮುಂದೆ ನಿಲ್ಲುತ್ತಿದ್ದರು. ಕಟ್ಟೆಯಿಂದ ಎರಡು ಕೋಣೆಗಳು ನೇರವಾಗಿ ಕಾಣುತ್ತಿದ್ದುದರಿಂದ ಇದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಮೂರನೆಯ ಕೋಣೆ ಮಾತ್ರ ಗೋಡೆಯ ಮರೆಯಲ್ಲಿತ್ತು. ಮಗು ಅತ್ತ ತಿರುಗಿದ ಕೂಡಲೇ ತಾಯಿ ಕೂಗಿ ಕರೆಯುತ್ತಿದ್ದರು, ಅಲ್ಲಿಗೆ ಆ ಕುಟುಂಬದ ಭೇಟಿಯೇ ಮುಗಿಯುತ್ತಿತ್ತು.

ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸಗೊಳಿಸಿದ, 1959ರಲ್ಲಿ ತೆರೆದ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದ ಸುರುಳಿ ಇಳಿಜಾರನ್ನು ವಿದ್ಯಾರ್ಥಿಯಾಗಿದ್ದಾಗ ನಾನು ಬರಿಯ ಆಕಾರದ ಸೊಗಸೆಂದು ತಿಳಿದಿದ್ದೆ. ನಡುವೆ ಬಯಲಿರುವುದರಿಂದ ಆಚೆ ಬದಿಯಲ್ಲಿರುವವರು ಕಣ್ಣಿಗೆ ಬೀಳುತ್ತಾರೆ, ಮುಖ್ಯ ದಾರಿ ಒಂದೇ ಆದ್ದರಿಂದ ಹಿಂದೆ ಉಳಿದವರೂ ಅದರಲ್ಲಿಯೇ ಬಂದು ಸೇರುತ್ತಾರೆ ಎಂಬುದು ಹೊಳೆದದ್ದು ಈ ಮೂರನೆಯ ಕೋಣೆಯಿಂದ. ನಮ್ಮಲ್ಲಿ ಸುರುಳಿ ಕಟ್ಟುವಂತಿರಲಿಲ್ಲ. ಇಟ್ಟಿಗೆ ಕಟ್ಟಿ ಮುಚ್ಚಿದ್ದ ಹಿತ್ತಲ ಬಾಗಿಲನ್ನು ಬಿಡಿಸಿ, ಹಿತ್ತಲಿನಿಂದ ಪಡಸಾಲೆಗೇ ಸುತ್ತಿ ಬರುವಂತೆ ದಾರಿ ಮಾಡಿಸಿದೆ. ಮಗು ಮರೆಯಾದರೂ ಕಟ್ಟೆಯ ಬಳಿಗೇ ಬರುತ್ತದೆಂದು ತಿಳಿದ ತಾಯಂದಿರು ಕೂಗುವುದನ್ನು ಬಿಟ್ಟರು.

ಚಿತ್ರಗಳ ಎತ್ತರದಲ್ಲಿಯೂ ನಾನು ತಪ್ಪಿದ್ದೆ. ಚಿತ್ರದ ನಡುಮಧ್ಯವು ನೆಲದಿಂದ ಸುಮಾರು 150 ಸೆಂಟಿಮೀಟರ್ ಮೇಲಿರಬೇಕೆಂಬ ವಾಡಿಕೆ ನಿಂತು ನೋಡುವ ವಯಸ್ಕರ ಕಣ್ಣಿನದು. ಆರು ವರ್ಷದ ಮಗುವಿಗೆ ಅಲ್ಲಿ ಚೌಕಟ್ಟಿನ ಅಡಿಯೇ ಹೆಚ್ಚು ಕಾಣುತ್ತದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕಿನ ಆಳೆತ್ತರದ ಶಿಲ್ಪಗಳು ನೆಲದ ಮೇಲೆಯೇ ನಿಂತಿರುವುದರಿಂದ ಮಕ್ಕಳನ್ನು ಯಾರೂ ಎತ್ತಿ ತೋರಿಸಬೇಕಾಗಿಲ್ಲ. ಅದನ್ನು ನೆನೆದು ಒಂದು ಕೋಣೆಯ ಚಿತ್ರಗಳನ್ನೆಲ್ಲ 20 ಸೆಂಟಿಮೀಟರ್ ಕೆಳಗಿಳಿಸಿದೆ. ಕಟ್ಟೆಯ ಮೇಲೆ ಕುಳಿತವರಿಗೂ ಅವು ಈಗ ಸರಿಯಾಗಿ ಕಾಣುತ್ತವೆ. ಇದು ನಾನು ಎಣಿಸಿರದ ಲಾಭ.

ಹೊಸ್ತಿಲ ವಿಷಯದಲ್ಲಿ ಸೋತೆ. ಆರು ಇಂಚಿನ ಹೊಸ್ತಿಲಿಗೆ 1:12ರ, ಅಂದರೆ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದದ, ಇಳಿಜಾರು ಕೊಡಲು ಎರಡೂ ಕಡೆ ಆರಾರು ಅಡಿ ಬೇಕು, ಆ ಕೋಣೆಗಳಲ್ಲಿ ಅಷ್ಟು ಜಾಗವಿಲ್ಲ. ಗೋಡೆಗೆ ಹಿಡಿಕೆ ಹಾಕಿಸಿ ಸುಮ್ಮನಾದೆ. ಮೊಣಕಾಲು ನೋವಿನವರು ಆ ಹಿಡಿಕೆಗಿಂತ ಮೊಮ್ಮಕ್ಕಳ ಹೆಗಲನ್ನೇ ಹಿಡಿದು ದಾಟುತ್ತಾರೆ.